ಫ್ಲೋರಿಡಾ ಬ್ಯಾಲೆಟ್‌ನಲ್ಲಿರುವ 'ಚೀಫ್ ಫೈನಾನ್ಷಿಯಲ್ ಆಫೀಸರ್' ಅಂದರೆ ನಮ್ಮ ಹಣಕಾಸು ಸಚಿವರ ಥರವೇ?

ನಿಮ್ಮ ಪ್ರಶ್ನೆ ಇಷ್ಟು: ಟ್ಯಾಂಪಾದಲ್ಲಿದ್ದೀರಿ, ಈಚೆಗೆ ಅಮೆರಿಕದ ಪೌರತ್ವ ಸಿಕ್ಕಿದೆ, 2026ರ ನವೆಂಬರ್‌ನಲ್ಲಿ ಮೊದಲ ಸಲ ಓಟು ಹಾಕುತ್ತೀರಿ. ಗವರ್ನರ್ ಗೊತ್ತು, ಅಟಾರ್ನಿ ಜನರಲ್ ಗೊತ್ತು. ಈ ಚೀಫ್ ಫೈನಾನ್ಷಿಯಲ್ ಆಫೀಸರ್, ಅಂದರೆ ಸಿಎಫ್‌ಒ, ಯಾರು? ಕಂಪನಿಗೆ ಸರಿ, ರಾಜ್ಯಕ್ಕೆ ಯಾಕೆ? ಅದಕ್ಕೆ ಚುನಾವಣೆ ಬೇರೆ ಯಾಕೆ? ನಮ್ಮ ಕಡೆಯ ಹಣಕಾಸು ಸಚಿವರು ಅಂದುಕೊಂಡರೆ ಸಾಕಾ?

ಸಾಲದು. ಹಾಗೆ ಅಂದುಕೊಂಡರೆ ಪೂರ್ತಿ ದಾರಿ ತಪ್ಪುತ್ತದೆ.

ನಾನು ಓರ್ಲಾಂಡೊ ಹತ್ತಿರ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ರಾಜ್ಯದ ಇಲಾಖೆಗಳಿಗೆ ಸಾಮಾನು ಪೂರೈಸುತ್ತೇವೆ. ಹಾಗಾಗಿ ಈ ಕಚೇರಿಯ ಪರಿಚಯ ನನಗೆ ಆಗಿದ್ದು ಬಿಲ್ಲು ಕಳಿಸಿ ದುಡ್ಡಿಗೆ ಕಾಯುವ ಕಡೆಯಿಂದ.

ಮೊದಲು ಅವರು ಏನು ಮಾಡುವುದಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ಬಜೆಟ್ ಮಾಡುವುದಿಲ್ಲ. ಫ್ಲೋರಿಡಾದ ಬಜೆಟ್ ಈಗ 110 ಬಿಲಿಯನ್ ಡಾಲರ್ ದಾಟಿದೆ. ಅದನ್ನು ಬರೆಯುವುದು ರಾಜಧಾನಿ ಟ್ಯಾಲಹಸೀಯಲ್ಲಿರುವ ಶಾಸನಸಭೆ. ಗವರ್ನರ್ ಅದರಲ್ಲಿ ಬೇಡವಾದ ಸಾಲುಗಳನ್ನು ಹೊಡೆದುಹಾಕಬಹುದು. ಸಿಎಫ್‌ಒಗೆ ಅಲ್ಲಿ ಒಂದು ಓಟೂ ಇಲ್ಲ. ತೆರಿಗೆ ಹಾಕುವುದೂ ಅವರಲ್ಲ. ವಸೂಲಿಗೆ ಬೇರೆಯೇ ಕಂದಾಯ ಇಲಾಖೆ ಇದೆ. ಬೆಂಗಳೂರಿನಲ್ಲಿ ಮಾರ್ಚ್ ಬಂತು ಅಂದರೆ ಹಣಕಾಸು ಖಾತೆಯನ್ನೂ ಇಟ್ಟುಕೊಂಡ ಮುಖ್ಯಮಂತ್ರಿ ಗಂಟೆಗಟ್ಟಲೆ ನಿಂತು ಬಜೆಟ್ ಓದುತ್ತಾರಲ್ಲ, ಅದಕ್ಕೂ ಈ ಹುದ್ದೆಗೂ ಸಂಬಂಧವೇ ಇಲ್ಲ.

ಹಾಗಾದರೆ ಮಾಡುವುದೇನು? ರಾಜ್ಯದ ಸಂವಿಧಾನ ಎರಡೇ ಮಾತು ಹೇಳುತ್ತದೆ. ರಾಜ್ಯದಿಂದ ಯಾರಿಗೆ ಏನು ಬರಬೇಕೋ ಆ ಲೆಕ್ಕ ನೋಡಿ ಒಪ್ಪುವುದು. ರಾಜ್ಯದ ಹಣ ಮತ್ತು ಸೆಕ್ಯುರಿಟಿಗಳನ್ನು (ಬಾಂಡು, ಷೇರಿನಂಥ ಹೂಡಿಕೆ ಪತ್ರಗಳನ್ನು) ಇಟ್ಟು ಕಾಯುವುದು. ಇದು ಕೂಡುಕುಟುಂಬದಲ್ಲಿ ಪೆಟ್ಟಿಗೆಯ ಕೀಲಿ ಇಟ್ಟುಕೊಂಡವರ ಕೆಲಸ. ಎಷ್ಟು ಖರ್ಚು ಅಂತ ಹಿರಿಯರು ಕೂತು ತೀರ್ಮಾನ ಮಾಡಿರುತ್ತಾರೆ. ಆದರೆ ದುಡ್ಡು ಕೊಡುವ ಮುಂಚೆ "ಚೀಟಿ ಎಲ್ಲಿ?" ಅಂತ ಕೇಳುವವರು ಇವರು.

ನನ್ನ ಕೆಲಸದಲ್ಲಿ ಇದು ಹೀಗೆ ಕಾಣುತ್ತದೆ. ನಾವು ಇಲಾಖೆಗೆ ಬಿಲ್ಲು ಕಳಿಸುತ್ತೇವೆ. ಇಲಾಖೆಯವರು ಸಾಮಾನು ಬಂದಿದೆ ಅಂತ ಒಪ್ಪಿಕೊಂಡು ವೋಚರ್ ಮಾಡಿ ಸಿಎಫ್‌ಒ ಕಚೇರಿಗೆ ಹಾಕುತ್ತಾರೆ. ಅಲ್ಲಿ ನೋಡುವುದು: ಬಜೆಟ್‌ನಲ್ಲಿ ಈ ಖರ್ಚಿಗೆ ಜಾಗ ಇದೆಯಾ, ಕರಾರು ಸರಿಯಿದೆಯಾ, ಕಾನೂನು ಬಿಡುತ್ತದಾ. ಆಮೇಲೆ ದುಡ್ಡು ಬಿಡುಗಡೆ. ತಡ ಆದರೆ ಇಲಾಖೆ ಬಡ್ಡಿ ಕಟ್ಟಿಕೊಡಬೇಕು ಅಂತ ಕಾನೂನಿದೆ. ದೂರು ಕೇಳಲು ಸಿಎಫ್‌ಒ ಕಚೇರಿಯಲ್ಲೇ ಒಬ್ಬರು ಓಂಬುಡ್ಸ್‌ಮನ್ ಇದ್ದಾರೆ. ಒಂದು ಇಲಾಖೆ ನಮ್ಮ ಬಿಲ್ಲನ್ನು ಸುಮ್ನೆ ಕೂರಿಸಿಕೊಂಡಾಗ ಅವರಿಗೆ ಫೋನ್ ಮಾಡಿದ್ದೆ. ಆಮೇಲೆ ಕೆಲಸ ಬೇಗ ಆಯಿತು.

ಕರ್ನಾಟಕಕ್ಕೆ ಹೋಲಿಸಲೇಬೇಕು ಅಂದರೆ, ಜಿಲ್ಲಾ ಖಜಾನೆಯನ್ನು ನೆನೆಸಿಕೊಳ್ಳಿ. ಖಜಾನೆಯ ಕಂಪ್ಯೂಟರ್ ವ್ಯವಸ್ಥೆ ಖಜಾನೆ-2ರಲ್ಲಿ ಬಿಲ್ಲು ಹಾಕಿ ಕಾಯುವ ಗುತ್ತಿಗೆದಾರರನ್ನು ಕೇಳಿದರೆ ಗೊತ್ತಾಗುತ್ತದೆ. ಅದಕ್ಕೆ ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿನ ಲೆಕ್ಕ ಬರೆಯುವ ಕೆಲಸದಲ್ಲಿ ಸ್ವಲ್ಪ ಸೇರಿಸಿ. ಎರಡನ್ನೂ ಒಬ್ಬರ ಕೈಗೆ ಕೊಟ್ಟು, ಆ ಒಬ್ಬರನ್ನು ಜನರೇ ಆರಿಸುವ ಹಾಗೆ ಮಾಡಿದರೆ ಫ್ಲೋರಿಡಾದ ಸಿಎಫ್‌ಒ. ಆದರೆ ಖರ್ಚಾದ ಮೇಲೆ ಮಾಡುವ ಆಡಿಟ್ ಇವರದಲ್ಲ. ಅದಕ್ಕೆ ಶಾಸನಸಭೆ ನೇಮಿಸುವ ಆಡಿಟರ್ ಜನರಲ್ ಬೇರೆ ಇದ್ದಾರೆ. ಖರ್ಚಿಗೆ ಮುಂಚೆ ತಡೆಯುವುದು, ಖರ್ಚಾದ ಮೇಲೆ ತಪ್ಪು ಹಿಡಿಯುವುದು, ಇವೆರಡರ ಮಧ್ಯೆ ತುಂಬಾ ಅಂತರ ಇದೆ. ಸಿಎಜಿ ವರದಿ ಬರುವ ಹೊತ್ತಿಗೆ ದುಡ್ಡು ಹೋಗಿ ಎಷ್ಟೋ ಕಾಲ ಆಗಿರುತ್ತದೆ ಅನ್ನುವುದು ನಮಗೆಲ್ಲ ಗೊತ್ತು.

ಈಗ ಚುನಾವಣೆ ಯಾಕೆ ಅನ್ನುವುದಕ್ಕೆ ಬರೋಣ. ಅಂತರ್ಯುದ್ಧದ ನಂತರ, 1868ರ ಸಂವಿಧಾನದಲ್ಲಿ, ಫ್ಲೋರಿಡಾದ ಗವರ್ನರ್‌ಗೆ ತನ್ನ ಕ್ಯಾಬಿನೆಟ್ಟನ್ನು ತಾನೇ ನೇಮಿಸುವ ಅಧಿಕಾರ ಇತ್ತು. 1885ರಲ್ಲಿ ಹೊಸ ಸಂವಿಧಾನ ಬರೆದವರಿಗೆ ಅಷ್ಟು ಬಲ ಒಬ್ಬನ ಕೈಯಲ್ಲಿ ಇರುವುದು ಬೇಡವಾಯಿತು. ಕ್ಯಾಬಿನೆಟ್ಟಿನ ಪ್ರತಿಯೊಬ್ಬರನ್ನೂ ಜನರೇ ಬೇರೆ ಬೇರೆಯಾಗಿ ಆರಿಸಲಿ ಅಂದರು. ಹಣದ ಲೆಕ್ಕಕ್ಕೆ ಕಂಟ್ರೋಲರ್, ಹಣ ಇಟ್ಟುಕೊಳ್ಳಲು ಟ್ರೆಶರರ್, ಹೀಗೆ ಇಬ್ಬರು. ಬಹಳ ಕಾಲ ಹಾಗೇ ನಡೆಯಿತು. 1998ರಲ್ಲಿ ಮತದಾರರು ಒಂದು ತಿದ್ದುಪಡಿ ಒಪ್ಪಿ ಆರು ಜನರ ಕ್ಯಾಬಿನೆಟ್ಟನ್ನು ಮೂರಕ್ಕೆ ಇಳಿಸಿದರು: ಅಟಾರ್ನಿ ಜನರಲ್, ಕೃಷಿ ಕಮಿಷನರ್, ಮತ್ತು ಆ ಇಬ್ಬರನ್ನೂ ಒಂದು ಮಾಡಿದ ಸಿಎಫ್‌ಒ. 2003ರ ಜನವರಿಯಿಂದ ಹುದ್ದೆ ಜಾರಿಗೆ ಬಂತು. ಲೆಕ್ಕ ಒಪ್ಪುವವರೂ ಹಣ ಇಟ್ಟುಕೊಳ್ಳುವವರೂ ಒಬ್ಬರೇ ಆಗಬಾರದು ಅನ್ನುವುದು ಲೆಕ್ಕದವರಿಗೆ ಕಲಿಸುವ ಮೊದಲ ಪಾಠ. ಅದನ್ನು ಮರೆತು ಒಂದು ಮಾಡಿದರು. ನನಗಂತೂ ಇವತ್ತಿಗೂ ಅದು ಸರಿ ಅನಿಸಿಲ್ಲ.

ಏನೇ ಇರಲಿ, ಮೂಲ ಉದ್ದೇಶ ಇದು: ಗವರ್ನರ್ ಸಿಎಫ್‌ಒರನ್ನು ಕೆಲಸದಿಂದ ತೆಗೆಯುವಂತಿಲ್ಲ. ಹಾಗಾಗಿ ಗವರ್ನರ್ ಕಡೆಯ ಬಿಲ್ಲಿಗೂ "ಇದು ಆಗಲ್ಲ" ಅನ್ನುವ ಧೈರ್ಯ ಅವರಿಗೆ ಇರಬೇಕು. ಈ ಹುದ್ದೆಯ ಬೆಲೆಯೆಲ್ಲ ಅಲ್ಲೇ ಇದೆ. ಆ ಧೈರ್ಯ ಇಲ್ಲದವರು ಕೂತರೆ ಅದು ಬರೀ ರಬ್ಬರ್ ಸ್ಟಾಂಪು.

ನಿಜವಾಗಿ ಹಾಗೆ ನಡೆಯುತ್ತದಾ? 2022ರ ಒಂದು ಪ್ರಸಂಗ ನೋಡಿ. ವಲಸಿಗರನ್ನು 'ಈ ರಾಜ್ಯದಿಂದ' ಸಾಗಿಸಲು ಬಜೆಟ್‌ನಲ್ಲಿ 12 ಮಿಲಿಯನ್ ಡಾಲರ್ ಇಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ವಿಮಾನಗಳು ಜನರನ್ನು ಹತ್ತಿಸಿಕೊಂಡಿದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ, ಇಳಿಸಿದ್ದು ಮ್ಯಾಸಚೂಸೆಟ್ಸ್‌ನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ. ವಿಮಾನ ಒದಗಿಸಿದ ಕಂಪನಿಗೆ 6,15,000 ಡಾಲರ್ ಕೊಟ್ಟಿದ್ದು ರಾಜ್ಯದ ದಾಖಲೆಗಳಲ್ಲೇ ಸಿಕ್ಕಿತು. ದಾರಿಯಲ್ಲಿ ಫ್ಲೋರಿಡಾದ ಕ್ರೆಸ್ಟ್‌ವ್ಯೂನಲ್ಲಿ ವಿಮಾನ ಇಳಿದಿತ್ತು, ಹಾಗಾಗಿ ಸರಿ ಅಂದವರಿದ್ದರು. ಬಜೆಟ್ ಸಾಲಿಗೆ ಇದು ಹೊಂದುವುದೇ ಇಲ್ಲ ಅಂದವರೂ ಇದ್ದರು. ಕೋರ್ಟಿಗೂ ಹೋದರು. 2023ರ ಫೆಬ್ರವರಿಯಲ್ಲಿ ಶಾಸನಸಭೆ ಹೊಸ ಕಾನೂನು ಮಾಡಿ ವಿಷಯ ಮುಗಿಸಿತು. ರಾಜಕೀಯ ಬಿಡಿ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ನಿಮಗೆ. ಲೆಕ್ಕದವನಾಗಿ ನನಗೆ ಕಾಣುವುದು ಇಷ್ಟೇ: "ಈ ಚೀಟಿ ಆ ಸಾಲಿಗೆ ಹೊಂದುತ್ತದಾ?" ಅಂತ ದುಡ್ಡು ಬಿಡುವ ಮುಂಚೆ ಗಟ್ಟಿಯಾಗಿ ಕೇಳಬೇಕಾದ ಜಾಗ ಸಿಎಫ್‌ಒ ಕಚೇರಿಯೇ.

ಇದಕ್ಕೆ ಎದುರಾದ ಉದಾಹರಣೆ ಕ್ಯಾಲಿಫೋರ್ನಿಯಾದ್ದು. ಅಲ್ಲಿ ಈ ಹುದ್ದೆಯ ಹೆಸರು ಕಂಟ್ರೋಲರ್. ಜೂನ್ 15ರೊಳಗೆ ಬಜೆಟ್ ಪಾಸ್ ಮಾಡದಿದ್ದರೆ ಶಾಸಕರಿಗೆ ಸಂಬಳ ಇಲ್ಲ ಅಂತ ಜನ 2010ರಲ್ಲಿ ಮತ ಹಾಕಿದ್ದರು. ಮರುವರ್ಷ ಶಾಸಕರು ಒಂದು ಬಜೆಟ್ ಪಾಸ್ ಮಾಡಿದರು. ಕಂಟ್ರೋಲರ್ ಜಾನ್ ಚಿಯಾಂಗ್ ಅದನ್ನು ಕೂಡಿ ಕಳೆದು ನೋಡಿ, ಆದಾಯಕ್ಕೂ ಖರ್ಚಿಗೂ ತಾಳೆ ಇಲ್ಲ ಅಂತ ಹೇಳಿ ಸಂಬಳ ನಿಲ್ಲಿಸಿಬಿಟ್ಟರು. ಶಾಸನಸಭೆಯಲ್ಲಿ ಬಹುಮತ ಇದ್ದದ್ದು ಅವರದೇ ಡೆಮಾಕ್ರಾಟಿಕ್ ಪಕ್ಷಕ್ಕೆ! ಮುಂದೆ ಕೋರ್ಟು, ಬಜೆಟ್ ತಾಳೆ ನೋಡುವುದು ಕಂಟ್ರೋಲರ್ ಕೆಲಸ ಅಲ್ಲ ಅಂದಿತು, ನಿಜ. ಆದರೂ ನೇಮಕವಾದ ಅಧಿಕಾರಿ ಇಂಥದ್ದು ಮಾಡುತ್ತಿದ್ದರಾ ಹೇಳಿ.

ಫ್ಲೋರಿಡಾದಲ್ಲಿ ಗವರ್ನರ್ ಒಂದು ಪಕ್ಷ, ಸಿಎಫ್‌ಒ ಇನ್ನೊಂದು ಪಕ್ಷ ಅಂತ ಆಗಿದ್ದು ಅಲೆಕ್ಸ್ ಸಿಂಕ್ ಕಾಲದಲ್ಲಿ, 2007ರಿಂದ 2011ರವರೆಗೆ. ಅವರು ಬ್ಯಾಂಕಿನಿಂದ ಬಂದವರು. ಅವರ ಮೊದಲ ವರ್ಷದಲ್ಲೇ ದೊಡ್ಡ ಪೆಟ್ಟು ಬಿತ್ತು. ಸಿಎಫ್‌ಒ, ಗವರ್ನರ್, ಅಟಾರ್ನಿ ಜನರಲ್ ಮೂವರೂ ಸೇರಿ ಸ್ಟೇಟ್ ಬೋರ್ಡ್ ಆಫ್ ಅಡ್ಮಿನಿಸ್ಟ್ರೇಶನ್‌ಗೆ ಟ್ರಸ್ಟಿಗಳು. ಸರ್ಕಾರಿ ನೌಕರರ ಪಿಂಚಣಿ ನಿಧಿ, ಈಗ 200 ಬಿಲಿಯನ್ ಡಾಲರ್‌ಗೂ ಮೀರಿದ್ದು, ಅದರ ಕೈಯಲ್ಲೇ ಇದೆ. ಊರುಗಳು, ಕೌಂಟಿಗಳು, ಶಾಲಾ ಜಿಲ್ಲೆಗಳು ಕೈಯಲ್ಲಿದ್ದ ಹಣವನ್ನು ಅದೇ ಬೋರ್ಡಿನ ಒಂದು ಪೂಲ್‌ನಲ್ಲಿ, ಅಂದರೆ ಎಲ್ಲರ ಹಣ ಸೇರಿಸಿ ಹೂಡುವ ನಿಧಿಯಲ್ಲಿ, ಇಡುತ್ತಿದ್ದವು. ಮನೆಸಾಲಗಳನ್ನು ನೆಚ್ಚಿಕೊಂಡ ಕೆಟ್ಟ ಹೂಡಿಕೆ ಪತ್ರಗಳು ಅದರಲ್ಲಿ ಸೇರಿವೆ ಅಂತ 2007ರ ನವೆಂಬರ್‌ನಲ್ಲಿ ಸುದ್ದಿ ಹಬ್ಬಿತು. ಎಲ್ಲರೂ ಒಟ್ಟಿಗೆ ಹಣ ತೆಗೆಯಲು ಓಡಿದರು. ಸುಮಾರು 27 ಬಿಲಿಯನ್ ಇದ್ದದ್ದು ಅರ್ಧಕ್ಕೆ ಇಳಿದ ಮೇಲೆ, ನವೆಂಬರ್ 29ರಂದು ಮೂವರೂ ಸೇರಿ ಬಾಗಿಲು ಹಾಕಿದರು. ಸಂಬಳ ಕೊಡುವುದು ಹೇಗೆ ಅಂತ ಶಾಲಾ ಜಿಲ್ಲೆಗಳು ಪರದಾಡಿದವು. ಈ ಹುದ್ದೆಗೆ ಓಟು ಹಾಕುವಾಗ ಯಾರಿಗೂ ಪಿಂಚಣಿ, ಪೂಲ್ ನೆನಪಾಗುವುದಿಲ್ಲ. ನಿಜವಾದ ದೊಡ್ಡ ದುಡ್ಡು ಇರುವುದು ಅಲ್ಲೇ.

ಇನ್ನು ಮನೆ ಇನ್ಶೂರೆನ್ಸ್. ಪ್ರೀಮಿಯಂ ಏರಿದಾಗಲೆಲ್ಲ ನಾವು ಕನ್ನಡದವರು ಸೇರಿದ ಕಡೆ ಇದೇ ಮಾತು, ಅಲ್ವಾ? ದರ ನೋಡುವುದು ಇನ್ಶೂರೆನ್ಸ್ ರೆಗ್ಯುಲೇಶನ್ ಕಚೇರಿ, ಸಿಎಫ್‌ಒ ನೇರವಾಗಿ ಅಲ್ಲ. 2003ಕ್ಕೆ ಮುಂಚೆ ಟ್ರೆಶರರ್ ಆಗಿದ್ದವರೇ ಇನ್ಶೂರೆನ್ಸ್ ಕಮಿಷನರ್ ಕೂಡ, ಈಗ ಹಾಗಿಲ್ಲ. ಕಮಿಷನರ್‌ರನ್ನು ಗವರ್ನರ್ ಮತ್ತು ಕ್ಯಾಬಿನೆಟ್ ಸೇರಿ ನೇಮಿಸುತ್ತಾರೆ. ಆದರೆ ಆ ನೇಮಕಕ್ಕೆ ಗವರ್ನರ್ ಜೊತೆ ಸಿಎಫ್‌ಒ ಕೂಡ ಹೂಂ ಅನ್ನಲೇಬೇಕು. ಬೇರೆ ಯಾರೂ ವಿಮೆ ಕೊಡದಿದ್ದಾಗ ನಮ್ಮಂಥವರು ಹೋಗುವ ಸಿಟಿಜನ್ಸ್ ಸಂಸ್ಥೆಯ ಒಂಬತ್ತು ಜನರ ಮಂಡಳಿಗೆ ಇಬ್ಬರನ್ನು ಸಿಎಫ್‌ಒ ಹಾಕುತ್ತಾರೆ. ಏಜೆಂಟರ ಲೈಸೆನ್ಸು, ವಿಮೆಯ ಮೋಸದ ತನಿಖೆ, ಗ್ರಾಹಕರ ದೂರು ಎಲ್ಲ ಅವರ ಇಲಾಖೆಯದೇ. ಕಂಪನಿ ದಿವಾಳಿಯಾದರೆ ಅದನ್ನು ವಹಿಸಿಕೊಳ್ಳುವುದೂ ಅವರೇ. ಹಾಗಾಗಿ "ಸಿಎಫ್‌ಒ ಆದರೆ ಪ್ರೀಮಿಯಂ ಇಳಿಸುತ್ತೇನೆ" ಅನ್ನುವ ಅಭ್ಯರ್ಥಿಯನ್ನು ಪೂರ್ತಿ ನಂಬಬೇಡಿ. "ನನ್ನ ಕೈಯಲ್ಲಿಲ್ಲ" ಅನ್ನುವವರನ್ನೂ ನಂಬಬೇಡಿ.

ಇವರೇ ರಾಜ್ಯದ ಫೈರ್ ಮಾರ್ಷಲ್ ಕೂಡ. ಅಗ್ನಿಶಾಮಕದವರ ತರಬೇತಿ ಕಾಲೇಜು, ಬೆಂಕಿ ಹಚ್ಚಿದವರ ತನಿಖೆ ಅವರ ಕೆಳಗೆ. ಟಿವಿಯಲ್ಲಿ ಚಂಡಮಾರುತದ ಸುದ್ದಿಯ ಮಧ್ಯೆ ಸಿಎಫ್‌ಒ ಯಾಕೆ ನಿಂತಿದ್ದಾರೆ ಅಂತ ಅನಿಸಿದರೆ ಕಾರಣ ಇದು.

ಇದಕ್ಕೆಲ್ಲ ಅರ್ಹತೆ ಏನು ಗೊತ್ತಾ? ಮೂವತ್ತು ವರ್ಷ ತುಂಬಿರಬೇಕು, ಏಳು ವರ್ಷದಿಂದ ರಾಜ್ಯದಲ್ಲಿರಬೇಕು, ಮತದಾರರಾಗಿರಬೇಕು. ಅಷ್ಟೇ. ಲೆಕ್ಕದ ಪರೀಕ್ಷೆ ಯಾವುದೂ ಬೇಡ. ಜೆಫ್ ಆಟ್‌ವಾಟರ್ ಬ್ಯಾಂಕಿನವರು. 2017ರಲ್ಲಿ ಮಧ್ಯದಲ್ಲೇ ಬಿಟ್ಟು ಒಂದು ವಿಶ್ವವಿದ್ಯಾಲಯಕ್ಕೆ ಸಿಎಫ್‌ಒ ಆಗಿ ಹೋದರು. ಅವರ ಜಾಗಕ್ಕೆ ಗವರ್ನರ್ ನೇಮಿಸಿದ ಜಿಮ್ಮಿ ಪಟ್ರೋನಿಸ್ ಅವರದು ಮೀನೂಟದ ಹೋಟೆಲ್ ನಡೆಸುವ ಮನೆತನ. ಎರಡು ಸಲ ಗೆದ್ದು, 2025ರಲ್ಲಿ ಸಂಸತ್ತಿಗೆ ಹೋದರು. ಆಮೇಲೆ ಕೆಲವು ತಿಂಗಳು ಕುರ್ಚಿ ಖಾಲಿ ಇತ್ತು. ಜುಲೈನಲ್ಲಿ ಗವರ್ನರ್ ಡಿಸ್ಯಾಂಟಿಸ್, ಮನೆ ಕಟ್ಟುವ ವ್ಯವಹಾರದ ಸೆನೆಟರ್ ಬ್ಲೇಸ್ ಇಂಗೋಲಿಯಾ ಅವರನ್ನು ಕೂರಿಸಿದರು. ಹೋಟೆಲಿನವರು ಲೆಕ್ಕ ನೋಡಬಾರದು ಅಂತ ನಾನು ಹೇಳುತ್ತಿಲ್ಲ, ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ನೋಡಿದ ಯಾರೂ ಹಾಗೆ ಹೇಳಲಾರರು. ನನ್ನ ಚಿಂತೆ ಬೇರೆ: ಗವರ್ನರ್ ಮೇಲೆ ಕಣ್ಣಿಡಬೇಕಾದವರನ್ನು ಎರಡು ಸಲ ಗವರ್ನರ್ ಅವರೇ ಆರಿಸಿದ ಹಾಗಾಯಿತು.

ನಾನು ಓಟು ಹಾಕುವ ಮುಂಚೆ ನೋಡುವುದು ಒಂದೇ. ತಮ್ಮ ಪಕ್ಷದ ಗವರ್ನರ್ ಅಥವಾ ನಾಯಕರಿಗೆ ಈ ವ್ಯಕ್ತಿ ಎಂದಾದರೂ ಬೇಡ ಅಂದಿದ್ದಾರಾ? ಶಾಸಕರಾಗಿದ್ದರೆ ಅವರ ಓಟಿನ ದಾಖಲೆ ಸಿಗುತ್ತದೆ. ಅದು ಕಾಣದಿದ್ದರೆ ಉಳಿದ ಭಾಷಣ ನನಗೆ ಲೆಕ್ಕಕ್ಕಿಲ್ಲ. ಯಾರೂ ಇಷ್ಟವಾಗದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಉಳಿದ ಓಟುಗಳಿಗೆ ಏನೂ ತೊಂದರೆ ಆಗುವುದಿಲ್ಲ.

ಕೊನೆಗೆ ಓಟಿಗೆ ಸಂಬಂಧ ಇಲ್ಲದ್ದು, ಆದರೆ ನಿಮಗೆ ಇವತ್ತೇ ಉಪಯೋಗಕ್ಕೆ ಬರುವುದು. ವಾರಸುದಾರರು ಕೇಳದೆ ಬಿದ್ದಿರುವ ಹಣ, ಅಂದರೆ ಹಳೆಯ ಬ್ಯಾಂಕ್ ಖಾತೆ, ಕರೆಂಟಿನ ಡಿಪಾಸಿಟ್ಟು, ವಿಮೆಯ ರೀಫಂಡು, ಕೊನೆಗೆ ಸಿಎಫ್‌ಒ ಇಲಾಖೆಗೆ ಬಂದು ಸೇರುತ್ತದೆ. 'ಫ್ಲೋರಿಡಾ ಟ್ರೆಷರ್ ಹಂಟ್' ಅನ್ನುವ ಅವರ ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಶುಲ್ಕ ಇಲ್ಲ, ಕಾಲಮಿತಿಯೂ ಇಲ್ಲ. ಹಳೆಯ ಅಪಾರ್ಟ್‌ಮೆಂಟಿನ ಒಂದು ಡಿಪಾಸಿಟ್ಟು ನನಗೆ ಹಾಗೇ ಸಿಕ್ಕಿತು. ನಮ್ಮ ಹೆಸರುಗಳದೇ ಕಷ್ಟ. ಇನಿಷಿಯಲ್ ಮುಂದೆ ಹಾಕಿ ಒಂದು ಸಲ, ಅಪ್ಪನ ಹೆಸರು ಕೊನೆಗೆ ಹಾಕಿ ಒಂದು ಸಲ, ಊರಿನ ಹೆಸರು ಸೇರಿಸಿ ಇನ್ನೊಂದು ಸಲ ಹುಡುಕಿ. ನನ್ನದು ಸಿಕ್ಕಿದ್ದು ಅಪ್ಪನ ಹೆಸರಿನ ಕೆಳಗೆ, ಅದೂ ತಪ್ಪು ಸ್ಪೆಲ್ಲಿಂಗಿನಲ್ಲಿ.