ಸೇಂಟ್ ಹೆಲೆನಾದಿಂದ ಅಸೆನ್ಷನ್ ದ್ವೀಪಕ್ಕೆ ಎಷ್ಟು ದೂರ, ಎಷ್ಟು ಹೊತ್ತು?

ದಕ್ಷಿಣ ಅಟ್ಲಾಂಟಿಕ್ ಸಾಗರದ ಈ ಎರಡು ದ್ವೀಪಗಳು ನಕ್ಷೆಯಲ್ಲಿ ಅಕ್ಕಪಕ್ಕದಲ್ಲೇ ಇರುವಂತೆ ಕಾಣುತ್ತವೆ, ಹಾಗಾದರೆ ಇವುಗಳ ವಿಮಾನ ನಿಲ್ದಾಣಗಳ ನಡುವಿನ ದೂರವೆಷ್ಟು, ಹಾರಾಟಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದ್ದೀರಿ. ದೂರ ಸುಮಾರು 1,300 ಕಿ.ಮೀ., ಹಾರಾಟದ ಅವಧಿ ಹೆಚ್ಚುಕಡಿಮೆ ಎರಡು ಗಂಟೆ. ಬೆಂಗಳೂರಿನಿಂದ ಅಹಮದಾಬಾದಿಗೆ ಆಕಾಶಮಾರ್ಗದಲ್ಲಿರುವ ದೂರಕ್ಕಿಂತ ಇದು ಸ್ವಲ್ಪವೇ ಹೆಚ್ಚು. ವ್ಯತ್ಯಾಸವೆಂದರೆ ಇಲ್ಲಿ ನಡುವೆ ಇಳಿಯಲು ಒಂದು ಬಂಡೆಯೂ ಇಲ್ಲ.

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಸೇಂಟ್ ಹೆಲೆನಾದ ನಿಲ್ದಾಣ ಸುಮಾರು 16 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ, ಅಸೆನ್ಷನ್ನಿನದು 8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಉತ್ತರಕ್ಕೆ 888 ಕಿ.ಮೀ. ಆಯಿತು. ರೇಖಾಂಶದ ಅಂತರ ಎಂಟೂಮುಕ್ಕಾಲು ಡಿಗ್ರಿ. ಸಮಭಾಜಕದಿಂದ ದೂರ ಸರಿದಂತೆ ರೇಖಾಂಶಗಳ ನಡುವಿನ ಅಂತರ ಕಿರಿದಾಗುವುದರಿಂದ ತುಸು ಕಳೆದರೆ ಪಶ್ಚಿಮಕ್ಕೆ 950 ಕಿ.ಮೀ. ಉಳಿಯುತ್ತದೆ. ಇವೆರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ಹಿಡಿದು ಕರ್ಣವನ್ನು ತೆಗೆದರೆ 1,300 ಬರುತ್ತದೆ. ನಾನು 30 ಸೆಂ.ಮೀ. ವ್ಯಾಸದ ಗೋಳದ ಮೇಲೆ ಹೊಲಿಗೆಯ ದಾರ ಎಳೆದು ಅಳೆದಾಗ ಮೂರು ಸೆಂಟಿಮೀಟರ್ ಬಂತು. ಲೆಕ್ಕವೂ ಅಷ್ಟನ್ನೇ ಹೇಳುತ್ತದೆ.

ಈ ಮಾರ್ಗಕ್ಕೆ ಬಳಕೆಯಾಗಿರುವ ಎಂಬ್ರೇಯರ್ 190 ಜೆಟ್ ಗಂಟೆಗೆ 800 ಕಿ.ಮೀ.ಗೂ ಮಿಕ್ಕಿ ಹಾರಬಲ್ಲದು; ಏರುವ ಮತ್ತು ಇಳಿಯುವ ಹೊತ್ತು ಸೇರಿ ಎರಡು ಗಂಟೆಯಾಗುತ್ತದೆ. ಎರಡೂ ಕಡೆ ಗಡಿಯಾರ ಗ್ರೀನ್‌ವಿಚ್ ಸಮಯವನ್ನೇ ತೋರಿಸುವುದರಿಂದ ಮುಳ್ಳು ತಿರುಗಿಸುವ ಗೋಜಿಲ್ಲ, ಆದರೆ ಅಸೆನ್ಷನ್ನಿನಲ್ಲಿ ಸೂರ್ಯ ನೆತ್ತಿಗೆ ಬರುವುದು 35 ನಿಮಿಷ ತಡವಾಗಿ.

ಇಷ್ಟಾದರೂ ಕೊಂಚ ಎಚ್ಚರಿಕೆಯಿಂದಲೇ ಯೋಜಿಸಬೇಕು. ಸೇಂಟ್ ಹೆಲೆನಾದ ರನ್‌ವೇ ಕಡಲಿನಿಂದ ಸುಮಾರು 300 ಮೀಟರ್ ಎತ್ತರದ ಬಯಲಿನ ಅಂಚಿನಲ್ಲಿದೆ. ಅಲ್ಲಿ ಗಾಳಿ ಹಠಾತ್ತನೆ ದಿಕ್ಕು, ವೇಗ ಬದಲಿಸುವುದರಿಂದ 2016ರಲ್ಲಿ ನಿಯಮಿತ ಸೇವೆ ಆರಂಭವಾಗದೆ, 2017ರ ಅಕ್ಟೋಬರ್‌ನಲ್ಲಷ್ಟೇ ಆರಂಭವಾಯಿತು. 1836ರಲ್ಲಿ ದ್ವೀಪಕ್ಕೆ ಬಂದಿದ್ದ ಚಾರ್ಲ್ಸ್ ಡಾರ್ವಿನ್, ಪ್ರಪಾತದಂಚಿನಲ್ಲಿ ತಾನು ನಿಂತಲ್ಲಿ ಎಲೆ ಅಲುಗದಷ್ಟು ನಿಶ್ಚಲ ಗಾಳಿಯಿದ್ದಾಗ ಕೆಲವೇ ಗಜ ಆಚೆ ಟರ್ನ್ ಎಂಬ ಕಡಲಹಕ್ಕಿಗಳು ಬಿರುಗಾಳಿಗೆ ಎದುರಾಗಿ ಹೆಣಗುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ವಿಮಾನ ನಿಲ್ದಾಣ ಕಟ್ಟಿದವರು ಆ ಸಾಲುಗಳನ್ನು ಮೊದಲೇ ಓದಬಹುದಿತ್ತು ಎಂದು ನನಗೆ ಅನ್ನಿಸುವುದುಂಟು. ಅಸೆನ್ಷನ್ನಿನ ನಿಲ್ದಾಣಕ್ಕೆ ವೈಡ್‌ಅವೇಕ್ ಎಂಬ ಹೆಸರು ಬಂದಿರುವುದೂ ಅಲ್ಲಿ ಅದೇ ಹೆಸರಿನಿಂದ ಕರೆಯುವ ಟರ್ನ್ ಹಕ್ಕಿಯಿಂದಲೇ. ಅಲ್ಲಿನ ಮೂರು ಕಿ.ಮೀ. ಉದ್ದದ ರನ್‌ವೇ ಒಂದು ಕಾಲಕ್ಕೆ ಬಾಹ್ಯಾಕಾಶ ನೌಕೆಗೂ ತುರ್ತು ಇಳಿದಾಣವಾಗಿತ್ತು.

ನಿಜವಾದ ಪ್ರಯಾಣಾವಧಿ ಗಂಟೆಗಳಲ್ಲಿಲ್ಲ, ಪಂಚಾಂಗದಲ್ಲಿದೆ. ಇವೆರಡರ ನಡುವಿನ ಸೇವೆ ತಿಂಗಳಿಗೊಂದರಂತೆ ಆರಂಭವಾದದ್ದು, ಆದ್ದರಿಂದ ಒಂದು ವಿಮಾನ ತಪ್ಪಿದರೆ ಎರಡು ಗಂಟೆಯ ದಾರಿ ಮೂವತ್ತು ದಿನಗಳ ಕಾಯುವಿಕೆಯಾಗುತ್ತದೆ. 2018ರ ಫೆಬ್ರುವರಿಯಲ್ಲಿ ಸೇವೆ ಮುಗಿಸಿದ ಅಂಚೆ ಹಡಗು ಇದೇ ದೂರವನ್ನು ಸುಮಾರು ಎರಡು ದಿನಗಳಲ್ಲಿ ಕ್ರಮಿಸುತ್ತಿತ್ತು. ಅಸೆನ್ಷನ್ನಿಗೆ ಕಾಲಿಡಲು ಮುಂಚಿತ ಅನುಮತಿಯೂ ಬೇಕು. ಟಿಕೆಟ್ ಕೊಳ್ಳುವ ಮುನ್ನ ಆ ಅನುಮತಿ ಮತ್ತು ಆ ತಿಂಗಳ ಹಾರಾಟದ ದಿನಾಂಕ, ಎರಡನ್ನೂ ಖಚಿತಪಡಿಸಿಕೊಳ್ಳಿ.