ಮನೆಯ ಕಂಪ್ಯೂಟರಿಗೆ ಉಚಿತ ಆ್ಯಂಟಿವೈರಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬೆಟಗೇರಿಯ ನಿವೃತ್ತ ಶಿಕ್ಷಕ. ಬೆಂಗಳೂರಿನಲ್ಲಿರುವ ಮಗ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಅದರೊಂದಿಗೇ ಬಂದಿದ್ದ ಆ್ಯಂಟಿವೈರಸ್ಸಿನ ಅವಧಿ ಮುಗಿದು, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಕೆಂಪು ಸೂಚನೆ ದಿನವೂ ಬರತೊಡಗಿತು. ಪಕ್ಕದ ಮನೆಯ ಹುಡುಗ ಇನ್ನೊಂದು ಉಚಿತ ಆ್ಯಂಟಿವೈರಸ್ ಹಾಕಿಕೊಟ್ಟ. ಈಗ ಲ್ಯಾಪ್‌ಟಾಪ್ ಚಾಲೂ ಮಾಡಿ, ಒಳಗೆ ಹೋಗಿ ಚಹಾ ಕುಡಿದು ಬಂದರೂ ಅದು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಉಚಿತವಾದವುಗಳಲ್ಲಿ ಯಾವುದು ಉತ್ತಮ? ಅಂಗಡಿಯವರು ಹೇಳುವಂತೆ ವರ್ಷ ವರ್ಷ ಹಣ ಕೊಟ್ಟು ಕೊಳ್ಳಲೇಬೇಕೆ?

ಉತ್ತರ: ಗುರುಗಳೇ, ಕೊಳ್ಳಬೇಕಾಗಿಲ್ಲ, ಹೊಸದಾಗಿ ಇಳಿಸಿಕೊಳ್ಳಬೇಕಾದದ್ದೂ ಏನೂ ಇಲ್ಲ. ತಮ್ಮ ಲ್ಯಾಪ್‌ಟಾಪ್ ನಿಧಾನವಾಗಿರುವುದಕ್ಕೆ ವೈರಸ್ ಕಾರಣವಾಗಿರುವ ಸಾಧ್ಯತೆಗಿಂತ, ಅದರಲ್ಲಿ ಎರಡು ಕಾವಲುಗಾರರು ಒಟ್ಟಿಗೆ ಕುಳಿತಿರುವುದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಆ್ಯಂಟಿವೈರಸ್ ಎಂಬುದು ನಾವು ‘ಸ್ಕ್ಯಾನ್’ ಒತ್ತಿದಾಗ ಮಾತ್ರ ಏಳುವ ತಂತ್ರಾಂಶವಲ್ಲ. ಯಾವ ಕಡತವನ್ನೇ ತೆರೆಯಲಿ, ನಕಲು ಮಾಡಲಿ, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲಿ, ಅದು ನಡುವೆ ನಿಂತು ಒಮ್ಮೆ ಪರಿಶೀಲಿಸಿದ ಮೇಲೆಯೇ ಮುಂದಕ್ಕೆ ಬಿಡುತ್ತದೆ. ಇಂಥವು ಎರಡಿದ್ದರೆ ಒಂದೇ ಕಡತವನ್ನು ಎರಡು ಸಲ ತಪಾಸಣೆ ಮಾಡುವುದಲ್ಲದೆ, ಒಂದರ ವರ್ತನೆಯನ್ನು ಇನ್ನೊಂದು ಅನುಮಾನದಿಂದ ನೋಡುವುದೂ ಉಂಟು. ಅವಧಿ ಮುಗಿದದ್ದು ಹೊಸ ವೈರಸ್ಸುಗಳ ಮಾಹಿತಿ ತರಿಸಿಕೊಳ್ಳುವುದನ್ನು ನಿಲ್ಲಿಸಿದರೂ ಜಾಗ ಖಾಲಿ ಮಾಡುವುದಿಲ್ಲ. ಬಾಡಿಗೆ ಕೊಡದೆ ಕೋಣೆಯಲ್ಲೇ ಕುಳಿತಿರುತ್ತದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ವಿಭಾಗಕ್ಕೆ ಹೋಗಿ ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿರಿ. ಜೊತೆಗೆ ಬಂದ ಆ್ಯಂಟಿವೈರಸ್ ಕೆಲವೊಮ್ಮೆ ಸುಲಭವಾಗಿ ಹೋಗುವುದಿಲ್ಲ. ಅದಕ್ಕಾಗಿ ಆಯಾ ಕಂಪನಿಗಳೇ ತಮ್ಮ ಜಾಲತಾಣದಲ್ಲಿ ಪ್ರತ್ಯೇಕ ರಿಮೂವಲ್ ಟೂಲ್ ಇಟ್ಟಿರುತ್ತವೆ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂಬುದನ್ನು ತೆರೆದು ನೋಡಿದರೆ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಎಂಬಲ್ಲಿ ಹಸಿರು ಗುರುತು ಕಾಣಬೇಕು. ಅದು ವಿಂಡೋಸಿನೊಳಗೇ ಇರುವ ಆ್ಯಂಟಿವೈರಸ್, ಮೈಕ್ರೋಸಾಫ್ಟ್ ಡಿಫೆಂಡರ್. ಬೇರೆ ಆ್ಯಂಟಿವೈರಸ್ ಹಾಕಿದಾಗ ಅದು ತಾನಾಗಿಯೇ ಹಿಂದೆ ಸರಿಯುತ್ತದೆ, ತೆಗೆದಾಗ ತಾನಾಗಿಯೇ ಮರಳಿ ಬರುತ್ತದೆ. ಇಷ್ಟು ದಿನ ಅದು ಸುಮ್ಮನಿದ್ದದ್ದು ಇದೇ ಕಾರಣಕ್ಕೆ.

‘ವಿಂಡೋಸಿನೊಳಗಿನ ಆ್ಯಂಟಿವೈರಸ್ ಹೆಸರಿಗಷ್ಟೇ’ ಎಂಬ ಮಾತು ನಮ್ಮ ಕಡೆಯ ಅಂಗಡಿಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಒಂದು ಕಾಲಕ್ಕೆ ಅದರಲ್ಲಿ ಹುರುಳಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಶಿಯಲ್ಸ್ ಎಂಬ ಹೆಸರಿನಲ್ಲಿ ಬಂದಾಗ ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. 2012ರ ವಿಂಡೋಸ್ 8ರಿಂದ ಅದು ಒಳಗೇ ಸೇರಿತು. ಇಂದಿನ ಸ್ಥಿತಿ ಬೇರೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಇಟ್ಟು ಪರೀಕ್ಷಿಸುತ್ತದೆ. ಅದರಲ್ಲಿ ಡಿಫೆಂಡರ್ ಹಲವು ಸಲ 18ಕ್ಕೆ 18 ಪಡೆದಿದೆ. ಶಿಕ್ಷಕರಾದ ತಮಗೆ ಅಂಕಪಟ್ಟಿಯ ಮಿತಿಯೂ ಗೊತ್ತಿರುವುದರಿಂದ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ: ಡಿಫೆಂಡರ್ ತನ್ನ ತೀರ್ಮಾನಗಳಿಗೆ ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟಿನ ಸರ್ವರುಗಳನ್ನು ಬಹಳವಾಗಿ ನೆಚ್ಚಿಕೊಂಡಿದೆ. ಇಂಟರ್ನೆಟ್ ಸಂಪರ್ಕವಿಲ್ಲದಾಗ ಅದರ ಪತ್ತೆಯ ಶಕ್ತಿ ತಗ್ಗುತ್ತದೆ ಎಂಬುದನ್ನು ಆಸ್ಟ್ರಿಯದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಯ ಪರೀಕ್ಷೆಗಳು ತೋರಿಸಿವೆ. ಇಂಟರ್ನೆಟ್ಟಿಲ್ಲದೆ ಪೆನ್‌ಡ್ರೈವ್‌ಗಳನ್ನಷ್ಟೇ ನಂಬಿ ನಡೆಯುವ ಕಂಪ್ಯೂಟರಿಗಾದರೆ ನಾನು ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿಯತ್ತ ನೋಡುತ್ತಿದ್ದೆ. ಅದಕ್ಕೂ ಆಗಾಗ ಇಂಟರ್ನೆಟ್ ಕೊಟ್ಟು ಅಪ್‌ಡೇಟ್ ಮಾಡಬೇಕು ಎಂಬುದು ಬೇರೆ ಮಾತು.

ಇನ್ನು ಉಳಿದ ಉಚಿತ ಹೆಸರುಗಳು. ಅವಾಸ್ಟ್, ಎವಿಜಿ, ಅವಿರಾ ಇವು ಮೂರೂ ಇಂದು ನಾರ್ಟನ್ ಜೊತೆಗೆ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ. ಆದ್ದರಿಂದ ‘ಅದು ಒಳ್ಳೆಯದೋ ಇದು ಒಳ್ಳೆಯದೋ’ ಎಂಬ ಚರ್ಚೆಯ ಬಹುಭಾಗ ಒಂದೇ ಮನೆಯೊಳಗಿನದು. ವೈರಸ್ ಹಿಡಿಯುವುದರಲ್ಲಿ ಅವು ಹಿಂದೆ ಬಿದ್ದಿಲ್ಲ. ಆದರೆ ಉಚಿತಕ್ಕೆ ಬೆಲೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇದೇ ಪ್ರಕರಣದಲ್ಲಿ 165 ಲಕ್ಷ ಡಾಲರ್ ಕಟ್ಟಿಸಿತು. ಈಗ ಆ ಪದ್ಧತಿ ನಿಂತಿದ್ದರೂ, ‘ಪ್ರೀಮಿಯಂ ಕೊಳ್ಳಿರಿ’ ಎಂಬ ಒತ್ತಾಯದ ಕಿಟಕಿಗಳು ಈ ಉಚಿತ ಆವೃತ್ತಿಗಳಲ್ಲಿ ನಿಂತಿಲ್ಲ. ಕೆಂಪು ಸೂಚನೆ ಕಂಡರೆ ಗಾಬರಿಯಾಗುವ ಹಿರಿಯರ ಮನೆಗೆ ಅವನ್ನು ನಾನು ಸೂಚಿಸುವುದಿಲ್ಲ. ನನ್ನ ಮನೆಯ ಎರಡೂ ಕಂಪ್ಯೂಟರುಗಳಲ್ಲಿ ಡಿಫೆಂಡರ್ ಮಾತ್ರ ಇದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕವನ್ನೆಲ್ಲ ಮನೆಯ ಕಂಪ್ಯೂಟರಿನಲ್ಲೇ ಟ್ಯಾಲಿಯಲ್ಲಿ ಬರೆಯುತ್ತೇವೆ. ಉಚಿತ ಆ್ಯಂಟಿವೈರಸ್ ಸಾಲದೆ?

ಉತ್ತರ: ಸಾಲುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಮೊದಲು, ಬಳಸಬಹುದೋ ಇಲ್ಲವೋ ಎಂದು ನೋಡಬೇಕು. ಅವಾಸ್ಟ್‌ನಂಥ ಉಚಿತ ಆವೃತ್ತಿಗಳ ಪರವಾನಗಿಯಲ್ಲಿ, ವೈಯಕ್ತಿಕವಾದ, ವ್ಯಾಪಾರವಲ್ಲದ ಬಳಕೆಗೆ ಮಾತ್ರ ಎಂದು ಬರೆದಿರುತ್ತದೆ. ಕಂಪ್ಯೂಟರ್ ಮನೆಯಲ್ಲಿದ್ದರೂ ಅಂಗಡಿಯ ಲೆಕ್ಕ ವ್ಯಾಪಾರವೇ. ಡಿಫೆಂಡರಿಗೆ ಈ ತೊಡಕಿಲ್ಲ. ಆದರೆ ತಮಗೆ ನಿಜವಾದ ಅಪಾಯವಿರುವುದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರಿನಿಂದ. ಸುಗ್ಗಿಯ ನಡುವೆ ರೈತರ ಬಾಕಿ ಲೆಕ್ಕ ತೆರೆಯದಿದ್ದರೆ ಏನಾದೀತೆಂದು ತಮಗೆ ಹೇಳಬೇಕಾಗಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬ ಸೌಲಭ್ಯವಿದೆ. ತಾನಾಗಿ ಚಾಲೂ ಇರುವುದಿಲ್ಲ, ನಾವೇ ಮಾಡಬೇಕು. ಮಾಡಿದ ದಿನ ಅದು ಟ್ಯಾಲಿಯನ್ನೂ ತಡೆದರೆ ಗಾಬರಿಯಾಗದೆ, ಅನುಮತಿ ಪಡೆದ ತಂತ್ರಾಂಶಗಳ ಪಟ್ಟಿಗೆ ಟ್ಯಾಲಿಯನ್ನು ಸೇರಿಸಿರಿ. ಇದಕ್ಕಿಂತ ಮುಖ್ಯವಾಗಿ, ಲೆಕ್ಕದ ಬ್ಯಾಕಪ್ಪನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ತೆಗೆದು, ವಯರನ್ನು ಬಿಚ್ಚಿ ತಿಜೋರಿಯಲ್ಲಿಡಿರಿ. ಸದಾ ಚುಚ್ಚಿಯೇ ಇರುವ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಸಂಶೋಧನ ವಿದ್ಯಾರ್ಥಿನಿ. ಮಹಾಪ್ರಬಂಧದ ಒಂದು ಅಧ್ಯಾಯ ಮುದ್ರಿಸಲು ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟಿದ್ದೆ. ಮರಳಿ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ್ಯಂಟಿವೈರಸ್ ಇದ್ದೂ ಹೀಗೇಕಾಯಿತು? ಗೆಳತಿಯರು ‘ಫಾರ್ಮ್ಯಾಟ್ ಹೊಡೆದುಬಿಡು’ ಎನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಬೇಡಿರಿ, ತಮ್ಮ ಅಧ್ಯಾಯಗಳು ಬಹುಮಟ್ಟಿಗೆ ಪೆನ್‌ಡ್ರೈವಿನೊಳಗೇ ಇವೆ. ತಮ್ಮ ಆ್ಯಂಟಿವೈರಸ್ ಕಾಯುವುದು ತಮ್ಮ ಲ್ಯಾಪ್‌ಟಾಪನ್ನು. ಪೆನ್‌ಡ್ರೈವ್ ಅಂಗಡಿಯ ಕಂಪ್ಯೂಟರಿನಲ್ಲಿದ್ದಾಗ ಅದನ್ನು ಕಾಯಬೇಕಾದದ್ದು ಅಲ್ಲಿಯದು, ಮತ್ತು ದಿನಕ್ಕೆ ನೂರು ಕೈಯ ಪೆನ್‌ಡ್ರೈವ್ ಹಾಯುವ ಆ ಕಂಪ್ಯೂಟರಿನಲ್ಲಿ ಅದು ಇರಲಿಕ್ಕಿಲ್ಲ, ಇದ್ದರೂ ಅಪ್‌ಡೇಟ್ ಆಗಿರಲಿಕ್ಕಿಲ್ಲ.

ಈ ವೈರಸ್ಸಿನ ಕುಯುಕ್ತಿ ಸರಳವಾದದ್ದು. ಅದು ತಮ್ಮ ಫೋಲ್ಡರುಗಳನ್ನು ಕಣ್ಣಿಗೆ ಕಾಣದಂತೆ ಮರೆಮಾಡಿ, ಅನೇಕ ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ತುಂಬಿ, ಅವುಗಳ ಜಾಗದಲ್ಲಿ ಅದೇ ಹೆಸರಿನ, ಅದೇ ಹಳದಿ ಚಿತ್ರದ ಶಾರ್ಟ್‌ಕಟ್ಟುಗಳನ್ನು ಇಡುತ್ತದೆ. ‘ಅಧ್ಯಾಯ 3’ ಎಂಬುದರ ಎಡ ಕೆಳಮೂಲೆಯಲ್ಲಿ ಸಣ್ಣ ಬಾಣ ಕಾಣುತ್ತದೆಯೇ? ವ್ಯೂನಲ್ಲಿ ಡೀಟೇಲ್ಸ್ ಆರಿಸಿದರೆ ಅದರ ಗಾತ್ರ ಒಂದೆರಡು ಕೆಬಿ ಮಾತ್ರ ಎಂದು ತೋರಿಸುತ್ತದೆಯೇ? ಹಾಗಿದ್ದರೆ ಅದು ಅಧ್ಯಾಯವಲ್ಲ. ಅದನ್ನು ಡಬಲ್ ಕ್ಲಿಕ್ ಮಾಡಿದವರ ಕಂಪ್ಯೂಟರಿನಲ್ಲಿ ಮೊದಲು ವೈರಸ್ಸು ಚಾಲೂ ಆಗುತ್ತದೆ, ಆಮೇಲೆ ಫೋಲ್ಡರೂ ತೆರೆದುಕೊಳ್ಳುತ್ತದೆ. ಫೋಲ್ಡರ್ ತೆರೆದಿತಲ್ಲ ಎಂದು ನಾವು ಸಮಾಧಾನಪಡುತ್ತೇವೆ.

ಆದ್ದರಿಂದ ಯಾವುದರ ಮೇಲೂ ಕ್ಲಿಕ್ ಮಾಡದೆ, ಪೆನ್‌ಡ್ರೈವಿನ ಹೆಸರಿನ ಮೇಲೆ ಬಲಬದಿಯ ಗುಂಡಿ ಒತ್ತಿ ಡಿಫೆಂಡರಿನಿಂದ ಸ್ಕ್ಯಾನ್ ಮಾಡಿಸಿರಿ. ಅದು ವೈರಸ್ಸನ್ನು ತೆಗೆಯುತ್ತದೆಯಾದರೂ ಮರೆಯಾದ ಫೋಲ್ಡರುಗಳನ್ನು ಹೊರಗೆ ತಂದುಕೊಡುತ್ತದೆಂಬ ಭರವಸೆಯಿಲ್ಲ. ಅದಕ್ಕೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಮಾಡಿದ ಕಡತಗಳನ್ನು ತೋರಿಸು ಎಂಬುದನ್ನು ಆರಿಸಬೇಕು. ಅದೇ ಪಟ್ಟಿಯಲ್ಲಿ ಇನ್ನೂ ಕೆಳಗಿರುವ, ಆಪರೇಟಿಂಗ್ ಸಿಸ್ಟಮ್ಮಿನ ಕಡತಗಳನ್ನು ಮರೆಮಾಡು ಎಂಬುದರ ಟಿಕ್ಕನ್ನೂ ತೆಗೆಯಬೇಕು. ಬಹಳ ಜನ ಮೊದಲನೆಯದನ್ನಷ್ಟೇ ಮಾಡಿ, ಏನೂ ಕಾಣದೆ, ಎಲ್ಲ ಹೋಯಿತೆಂದು ಕೈಚೆಲ್ಲುತ್ತಾರೆ. ಕಂಡ ಕಡತಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿ, ಒಂದೊಂದನ್ನೂ ತೆರೆದು ನೋಡಿ ಖಾತ್ರಿಯಾದ ಮೇಲೆ ಪೆನ್‌ಡ್ರೈವನ್ನು ಧಾರಾಳವಾಗಿ ಫಾರ್ಮ್ಯಾಟ್ ಮಾಡಬಹುದು. ಇನ್ನು ಮುಂದೆ ಅಂಗಡಿಗೆ ಬೇರೆಯೇ ಒಂದು ಸಣ್ಣ ಪೆನ್‌ಡ್ರೈವ್ ಇಟ್ಟುಕೊಂಡು, ಅಂದು ಮುದ್ರಿಸಬೇಕಾದ ಪಿಡಿಎಫ್ ಒಂದನ್ನೇ ಅದರಲ್ಲಿ ಒಯ್ಯಿರಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪುಟಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗುವ ಕಾಟವೂ ಪಿಡಿಎಫ್‌ನಿಂದ ತಪ್ಪುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿರುವ ನಮ್ಮ ಮನೆಯ ಡೆಸ್ಕ್‌ಟಾಪ್ 2015ರದು, ವಿಂಡೋಸ್ 10 ಇದೆ. ಇದಕ್ಕೆ ಕಂಪನಿಯ ಬೆಂಬಲ ನಿಂತಿದೆಯಂತೆ. ಒಳ್ಳೆಯ ಆ್ಯಂಟಿವೈರಸ್ ಹಾಕಿದರೆ ನಡೆಯುವುದಿಲ್ಲವೆ?

ಉತ್ತರ: ಕೆಲಕಾಲ ನಡೆಯುತ್ತದೆ, ಬಹುಕಾಲ ಅಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರಿಗೆ ಹೊಸ ವೈರಸ್ಸುಗಳ ಮಾಹಿತಿಯನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆಯಾದರೂ, ಅದು ಕಾವಲುಗಾರನ ಸಂಬಳವೇ ಹೊರತು ಗೋಡೆಯ ರಿಪೇರಿಯಲ್ಲ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಯಾರೂ ಏನನ್ನೂ ಕ್ಲಿಕ್ ಮಾಡದೆಯೇ, ವಿಂಡೋಸಿನೊಳಗಿನ ಒಂದು ದೋಷದ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತೇಪೆ ಹಾಕಿಕೊಟ್ಟಿತ್ತು. ಸಿಕ್ಕಿಬಿದ್ದವರು ಅದನ್ನು ಹಾಕಿಕೊಳ್ಳದವರು. ತಮ್ಮ ಡೆಸ್ಕ್‌ಟಾಪಿಗೆ ಇಂಥ ತೇಪೆಗಳನ್ನು 2026ರ ಅಕ್ಟೋಬರ್ 13ರವರೆಗೆ ಪಡೆಯಲು ಇಎಸ್‌ಯು ಎಂಬ ಯೋಜನೆಯಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರನ್ನೂ ಕೇಳುವುದರಿಂದ 2015ರ ಯಂತ್ರಕ್ಕೆ ಅದು ಒಗ್ಗುವುದಿಲ್ಲ. ಬ್ರೌಸರ್, ಪತ್ರ, ಸಿನಿಮಾ ಇಷ್ಟೇ ಬಳಕೆಯಾದರೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿರಿ. ಹಳೆಯ ಯಂತ್ರವೂ ಹಗುರಾಗುತ್ತದೆ, ಅಪ್‌ಡೇಟುಗಳೂ ಪುಕ್ಕಟೆ ಬರುತ್ತವೆ.

ಪ್ರಶ್ನೆ: ಮಗಳು ಪರೀಕ್ಷೆಯ ಫಲಿತಾಂಶ ಹುಡುಕಿದ ದಿನದಿಂದ ತೆರೆಯ ಕೆಳಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಎಂದು ಬರುತ್ತಲೇ ಇದೆ. ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ. (ಗದಗದ ಗೃಹಿಣಿ)

ಉತ್ತರ: ಸ್ಕ್ಯಾನ್ ಹೇಳುತ್ತಿರುವುದೇ ನಿಜವಿರಬೇಕು ತಾಯಿ. ಯಾವುದೋ ಜಾಲತಾಣ ‘ಅಲೋ’ ಒತ್ತಿರೆಂದು ಕೇಳಿರುತ್ತದೆ, ಮಗಳು ಅವಸರದಲ್ಲಿ ಒತ್ತಿರುತ್ತಾಳೆ. ಅಂದಿನಿಂದ ಆ ತಾಣಕ್ಕೆ ತಮ್ಮ ತೆರೆಯ ಮೂಲೆಯಲ್ಲಿ ಏನು ಬೇಕಾದರೂ ಬರೆಯುವ ಅನುಮತಿ ಸಿಕ್ಕಿದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂಬಲ್ಲಿ ಅಪರಿಚಿತ ಹೆಸರುಗಳನ್ನೆಲ್ಲ ತೆಗೆದುಹಾಕಿರಿ. ಆ ಸೂಚನೆಯಲ್ಲಿ ದೂರವಾಣಿ ಸಂಖ್ಯೆಯಿದ್ದರೆ ಅದಕ್ಕೆ ಮಾತ್ರ ಕರೆ ಮಾಡಬೇಡಿರಿ. ಈಗಾಗಲೇ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಖಾತೆಯಿಂದ ಹಣ ಹೋಗಿದ್ದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿರಿ.

ಪ್ರಶ್ನೆ: ಆ್ಯಂಟಿವೈರಸ್ ನಿಜಕ್ಕೂ ಕೆಲಸ ಮಾಡುತ್ತಿದೆಯೆಂದು ತಿಳಿಯುವುದು ಹೇಗೆ? (ಹಾವೇರಿಯ ಓದುಗರು)

ಉತ್ತರ: ಇದಕ್ಕೆಂದೇ ಐಕಾರ್ ಎಂಬ ಸಂಸ್ಥೆಯ ಜಾಲತಾಣದಲ್ಲಿ 68 ಅಕ್ಷರಗಳ ಒಂದು ಪರೀಕ್ಷಾ ಕಡತವಿದೆ. ಅದು ವೈರಸ್ ಅಲ್ಲ, ಯಾವ ಹಾನಿಯನ್ನೂ ಮಾಡುವುದಿಲ್ಲ. ಆದರೆ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಆ್ಯಂಟಿವೈರಸ್ ಕಂಪನಿಗಳು ತಮ್ಮೊಳಗೆ ಒಪ್ಪಿಕೊಂಡಿವೆ. ಅದನ್ನು ಇಳಿಸಿಕೊಳ್ಳಲು ಹೋದಾಗ ತಮ್ಮ ಆ್ಯಂಟಿವೈರಸ್ ಅಡ್ಡಬಂದು ಕಿತ್ತುಹಾಕಬೇಕು. ಕಡತವು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆರಾಮವಾಗಿ ಕುಳಿತಿದ್ದರೆ, ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು ರಿಯಲ್-ಟೈಮ್ ಪ್ರೊಟೆಕ್ಷನ್ ಎಂಬ ಗುಂಡಿಯನ್ನು ಯಾರು ಆಫ್ ಮಾಡಿಟ್ಟಿದ್ದಾರೆಂದು ಮನೆಯಲ್ಲಿ ವಿಚಾರಿಸಿರಿ. ಕ್ರ್ಯಾಕ್ ಮಾಡಿದ ಗೇಮ್ ಹಾಕಿಕೊಳ್ಳಲು ಮಕ್ಕಳು ಮೊದಲು ಮಾಡುವ ಕೆಲಸ ಅದೇ.