ಗಾರೆ ಕೆಲಸ ಗೊತ್ತು ಅಂತ ಮೊದಲೇ ಹೇಳಿ

ಮೈಸೂರಿನ ಅಗ್ರಹಾರದಲ್ಲಿ ಎರಡು ವರ್ಷ ಹಳೇ ಮನೆಗಳ ರಿಪೇರಿ ಮಾಡಿಸಿದ್ದೀರಿ, ಲಂಡನ್ನಿಗೆ ಬಂದು ತಿಂಗಳಾಯ್ತು. ಆ ಅನುಭವ ಇಲ್ಲಿ ಯಾರಿಗೆ ಬೇಕು ಅಂತ ಕೇಳಿದ್ದೀರಿ. ಖಂಡಿತ ಬೇಕು. ಹದಿನಾಲ್ಕು ವರ್ಷದಿಂದ ನಾನು ಇಲ್ಲಿ ಇದೇ ಕೆಲಸದಲ್ಲಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಎ.ಆರ್.ಬಿ., ಅಂದರೆ ಇಲ್ಲಿನ ಆರ್ಕಿಟೆಕ್ಟ್‌ಗಳ ನೋಂದಣಿ ಮಂಡಳಿಯ ಪಟ್ಟಿಗೆ ಸೇರುವ ತನಕ ಇಲ್ಲಿ ನಿಮ್ಮನ್ನು 'ಆರ್ಕಿಟೆಕ್ಟ್' ಅಂತ ಕರೆದುಕೊಳ್ಳುವಂತಿಲ್ಲ, ಕಾನೂನು ಬಿಡುವುದಿಲ್ಲ. ಅಲ್ಲಿವರೆಗೆ ಅಸಿಸ್ಟೆಂಟ್ ಆಗಿಯೇ ಸೇರಿಕೊಳ್ಳಿ, ಬೇಜಾರು ಬೇಡ.

ಕೆಲಸಕ್ಕೆ ಕೊರತೆಯಿಲ್ಲ. ಇಂಗ್ಲೆಂಡಿನ ಲಿಸ್ಟೆಡ್ ಪಟ್ಟಿಯಲ್ಲಿ, ಅಂದರೆ ಕಾನೂನಿನ ರಕ್ಷಣೆಯಿರುವ ಹಳೇ ಕಟ್ಟಡಗಳ ಪಟ್ಟಿಯಲ್ಲಿ, ಸುಮಾರು 4 ಲಕ್ಷ ನಮೂದುಗಳಿವೆ. ಅರಮನೆ, ಚರ್ಚು ಮಾತ್ರವಲ್ಲ, ಸಾಮಾನ್ಯ ಮನೆ, ಕೆಂಪು ಟೆಲಿಫೋನ್ ಡಬ್ಬಿ ಕೂಡ. ಅಂಥ ಮನೆಯ ಹಳೇ ಮೆಟ್ಟಿಲು ಕೀಳಲೂ ಕೌನ್ಸಿಲ್ ಒಪ್ಪಿಗೆ ಬೇಕು. ಕೇಳದೆ ಕಿತ್ತರೆ ಅಪರಾಧ. ಹಾಗಾಗಿ ಡ್ರಾಯಿಂಗ್‌ನಷ್ಟೇ ಬರವಣಿಗೆಯೂ ಇರುತ್ತದೆ. ಈ ಗೋಡೆ ಯಾಕೆ ಮುಖ್ಯ ಅಂತ ಬರೆದು ಒಪ್ಪಿಸಬೇಕು.

ಇನ್ನು ಗಾರೆಯ ವಿಷಯ. ನನ್ನ ಮೊದಲ ಚಳಿಗಾಲ, ವಿಕ್ಟೋರಿಯಾ ಕಾಲದ ಶಾಲೆಯೊಂದನ್ನು ಮನೆಗಳಾಗಿ ಮಾಡುತ್ತಿದ್ದೆವು. ಗೋಡೆಯೆಲ್ಲ ತೇವ. ಇಟ್ಟಿಗೆಯ ಮುಖ ಹಕ್ಕಳೆ ಎದ್ದು ಉದುರುತ್ತಿತ್ತು. ಹಿಂದೆ ಯಾರೋ ಸಂದುಗಳಿಗೆ ಸಿಮೆಂಟ್ ತುಂಬಿದ್ದರು. ಸುಣ್ಣದ ಗಾರೆಯಿದ್ದರೆ ನೀರು ಸಂದಿನಿಂದಲೇ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಇಟ್ಟಿಗೆಯಲ್ಲೇ ಕೂಡಿಹಾಕುತ್ತದೆ. ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಇಟ್ಟಿಗೆ ಸಿಡಿಯುತ್ತದೆ. ಊರಿನ ಗಾರೆ ಮೇಸ್ತ್ರಿಯಿಂದ ಕಲಿತಿದ್ದೆ, ನೋಡಿದ ಕೂಡಲೇ ತಿಳಿಯಿತು. ಆದರೂ ನನ್ನ ಮಾತು ಯಾರು ಕೇಳುತ್ತಾರೆ ಅಂತ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ತೇವಕ್ಕೆ ಏನೇನೋ ಕೆಮಿಕಲ್ ಹಾಕಿಸಿ ಎರಡು ತಿಂಗಳು ಹೋಯಿತು. ಸುಮ್ನೆ ಕೂತಿದ್ದಕ್ಕೆ ಇವತ್ತಿಗೂ ನೋವಿದೆ. ನೀವು ಹಾಗೆ ಮಾಡಬೇಡಿ.

ಇಲ್ಲಿ ಹೊಸದಾಗಿ ಕಲಿಯಬೇಕಾದ್ದು ಚಳಿಯ ಲೆಕ್ಕ. ಐದು ಡಿಗ್ರಿಗಿಂತ ಕೆಳಗೆ ಸುಣ್ಣದ ಕೆಲಸ ನಿಲ್ಲಿಸುತ್ತಾರೆ, ಹಸಿ ಗಾರೆಗೆ ಗೋಣಿತಾಟು ಹೊದಿಸುತ್ತಾರೆ. ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಶುರುಮಾಡಿದ, ಹಳೇ ಕಟ್ಟಡ ಉಳಿಸುವ ಸ್ಪ್ಯಾಬ್ ಸಂಸ್ಥೆ ಇಂಥದ್ದಕ್ಕೆಲ್ಲ ತರಬೇತಿ ಕೊಡುತ್ತದೆ. ತಪ್ಪದೆ ಹೋಗಿ.

ಬಿಡುವಾದ ದಿನ ಟೇಟ್ ಮಾಡರ್ನ್ ನೋಡಿ ಬನ್ನಿ. ಅದು ಹಳೇ ವಿದ್ಯುತ್ ಸ್ಥಾವರ, 2000ದಲ್ಲಿ ಮ್ಯೂಸಿಯಂ ಆಯಿತು. ಟರ್ಬೈನ್ ಇದ್ದ ಅಷ್ಟು ದೊಡ್ಡ ಹಾಲನ್ನು ಮಹಡಿಗಳಿಂದ ತುಂಬದೆ ಹಾಗೇ ಬಿಟ್ಟಿದ್ದಾರೆ. ನನಗೆ ಅದೇ ಜಾಸ್ತಿ ಇಷ್ಟ.

ಅಗ್ರಹಾರದ ಮನೆಗಳ ಫೋಟೋ ಇವೆ ಅಲ್ವಾ? ಸುಣ್ಣ ಅರೆಯುವುದು, ಗಾರೆ ತಿಕ್ಕುವುದು, ಎಲ್ಲ ಕಳಿಸಿ. ಪೋರ್ಟ್‌ಫೋಲಿಯೋದ ಮೊದಲ ಪುಟಕ್ಕೆ ಯಾವುದು ಅಂತ ಇಬ್ಬರೂ ಕೂತು ಆರಿಸೋಣ.